ಮೇಲಿನ ಗುಂಡಿ

ಬಾಯಿ ಮುಚ್ಚು, ಅಂದಳು ಅಗಾಫ್ಯಾ, ಮೊದಲ ದಿನವೇ.
ಬೈಗುಳವಲ್ಲ. ಇಲ್ಲಿ ಮೂಗಲ್ಲೇ ಉಸಿರಾಡಬೇಕು,
ಅದೂ ಜಿಪುಣ ಸಾಲ ತೀರಿಸುವಂತೆ, ಚೂರುಚೂರೇ.

ಯಾಕುತ್ಸ್ಕ್ ಸಂತೆಯಲ್ಲಿ ಮೀನುಗಳು ನಿಂತಿದ್ದವು
ಡಬ್ಬದೊಳಗೆ ಬಾಲ ಊರಿ, ಸೌದೆಯ ಹಾಗೆ ನೆಟ್ಟಗೆ.
ಹಾಲನ್ನು ಇಟ್ಟಿಗೆ ಮಾಡಿ ಚೀಲಕ್ಕೆ ಹಾಕಿ ಕೊಟ್ಟರು.
ನಾನೋ ಓಶ್ ಊರಿನವನು, ಜರ್ದಾಳು ಮಾರಿ ಬೆಳೆದವನು;
ಕನ್ನಡಕದ ಕಡ್ಡಿ ಕೆನ್ನೆಗೆ ಕಚ್ಚಿಕೊಂಡು
ಕಿತ್ತಾಗ ಚರ್ಮವೂ ಬಂತು, ಕಾಸಿನಗಲ.

‘ಬೆರಳು ಉರಿದರೆ ಹೆದರಬೇಡ, ಇನ್ನೂ ನಿನ್ನದೇ.
ಉರಿ ನಿಂತರೆ ಓಡಿ ಬಾ.’
ಅಷ್ಟೇ ಪಾಠ. ಜೊತೆಗೆ ನಾಯಿತುಪ್ಪಟದ ಕಾಲುಚೀಲ,
ಪುಕ್ಕಟೆಯಲ್ಲ, ಲೆಕ್ಕದಲ್ಲಿ ಬರೆದುಕೊಂಡಳು.

ಇದು ಮೂರನೇ ಚಳಿಗಾಲ.
ಇವತ್ತು ಬರೀ ಮೈನಸ್ ಮೂವತ್ತು,
ಸಂತೆಗೆ ಸಂತೆಯೇ ಸಡಿಲವಾಗಿ ಹರಟುತ್ತಿದೆ.
ಟೋಪಿಯ ಕಿವಿ ಎತ್ತಿ ಕಟ್ಟಿದ್ದೇನೆ,
ಕೋಟಿನ ಮೇಲಿನ ಗುಂಡಿ
ಯಾವಾಗ ಬಿಚ್ಚಿದೆನೋ ನೆನಪಿಲ್ಲ.

ಅಗಾಫ್ಯಾ ಎದ್ದು ಬಂದಳು,
ಗುಂಡಿ ಹಾಕಿದಳು, ಮಗುವಿಗೆ ಹಾಕುವಂತೆ ಒರಟಾಗಿ.
‘ಒಗ್ಗಿತು ಅಂದವರದೇ ಮೊದಲು ಹೋಗೋದು’
ಎನ್ನುತ್ತ ಎಡಗೈಯ ಗವಸು ಕಳಚಿದಳು.

ಎಣಿಸಿದೆ. ಮೂರು.
ಇನ್ನೊಮ್ಮೆ ಎಣಿಸುವಷ್ಟರಲ್ಲಿ ಕೈ ಒಳಸೇರಿತ್ತು,
ಯಾರ ಜೊತೆಗೋ ಮೀನಿನ ದರಕ್ಕೆ
ಜಗಳ ಶುರುವಾಗಿತ್ತು.