ಚೀಟಿ ಕಟ್ಟಿದ ಮಚ್ಚು

ಆಗಮನದ ಮೊದಲ ಭಾನುವಾರ, ಶಿಡ್ಲಘಟ್ಟ.
ಗೂಡಿನ ಮಾರುಕಟ್ಟೆಯ ಹಿಂದಿನ ಓಣಿ,
ತಗಡಿನ ಮಾಡಿನ ನಮ್ಮ ಪ್ರಾರ್ಥನಾಲಯ.
ಹುಳದ ವಾಸನೆ ಅಲ್ಲಿಗೂ ಬರುತ್ತದೆ,
ಯಾರೂ ಮೂಗು ಮುಚ್ಚುವುದಿಲ್ಲ:
ನಮ್ಮ ಅನ್ನದ ವಾಸನೆ ಅದು.

ಪ್ರವಾದಿಯ ಪಾಠ ಓದುವ ಸರದಿ ನನ್ನದು.
ಕತ್ತಿಗಳು ಕುಲುಮೆಗೆ ಹೋಗಿ ಗುಳಗಳಾಗುವ ದಿನ,
ಯುದ್ಧದ ಪಾಠಶಾಲೆಗೆ ಬೀಗ ಬೀಳುವ ದಿನ.
ಓದಿದೆ. ಆಮೆನ್ ಅಂದರು.
ಎಡಗಡೆ ಜಮಖಾನದ ಮೇಲೆ ನನ್ನಣ್ಣ ಜಯಶೀಲ,
ಬಲಗಡೆ, ಕಿಟಕಿಯ ಪಕ್ಕ, ಚಿಕ್ಕಪ್ಪನ ಮಗ ತಿಮೊಥಿ.
ಇಬ್ಬರ ಆಮೆನ್ನೂ ನಡುವಿನ ದಾರಿ ದಾಟಲಿಲ್ಲ.

ತಿಮೊಥಿಗೆ ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಬದುವಿನ ಮೇಲೊಂದು ಹಿಪ್ಪುನೇರಳೆ ಸಾಲು,
ಅಗಲ ಅಳೆದರೆ ಮೂರು ಮೊಳ.
ಅಷ್ಟಕ್ಕೆ ಅಣ್ಣ ಸೊಪ್ಪಿನ ಮಚ್ಚು ಬೀಸಿದ್ದ,
ಗುಡ್ ಫ್ರೈಡೇ ಕಳೆದು ಹನ್ನೊಂದು ದಿನಕ್ಕೆ.

ಕೋರ್ಟಿನಲ್ಲಿ ರಾಜಿ ಆಯಿತು. ರಾಜಿ ಅಂದರೆ
ಎರಡು ಹೆಬ್ಬೆಟ್ಟು, ಒಂದು ಸೀಲು,
ಮೆಟ್ಟಿಲಿಳಿದ ಮೇಲೆ ಬೇರೆ ಬೇರೆ ಆಟೋ.
ಮಚ್ಚು ವಾಪಸು ಬಂತು,
ಹಿಡಿಗೆ ದಾರ, ದಾರಕ್ಕೆ ಚೀಟಿ, ಚೀಟಿಯ ಮೇಲೆ
ಕೇಸಿನ ನಂಬರು.
ಅತ್ತಿಗೆ ಮುಟ್ಟಲಿಲ್ಲ. ಅಟ್ಟದ ಮೇಲೆ
ನಾಲ್ಕು ವರ್ಷ ಮಲಗಿತ್ತು ಅದು.
ಅದರ ಕೆಳಗೇ ಕೂತು ಉಂಡೆವು,
ಉಣ್ಣುವ ಮುಂಚೆ ಸ್ತೋತ್ರವನ್ನೂ ಹೇಳಿದೆವು.

ಲೋಕಕ್ಕೆ ಸಮಾಧಾನ ಯಾವಾಗ ಅಂತ
ಸಭಾಪಾಲಕರು ಭೂಪಟ ಬಿಡಿಸಿ ಹೇಳುತ್ತಾರೆ:
ಯಾವ ದೇಶ, ಯಾವ ನದಿ, ಯಾವ ತುತ್ತೂರಿ.
ನನಗೆ ಭೂಪಟ ತಿಳಿಯದು.
ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುವ ಬೆರಳು ನನ್ನವು;
ತುದಿ ಸಿಕ್ಕಿದರೆ ಮಿಕ್ಕಿದ್ದು ತಾನಾಗಿ ಬರುತ್ತದೆ,
ಸಿಗದಿದ್ದರೆ ಎಷ್ಟು ಬೇಯಿಸಿದರೂ ಅಷ್ಟೇ.

ಆ ಭಾನುವಾರ ಓದುತ್ತಾ ಓದುತ್ತಾ
ಒಂದು ಕಡೆ ನಾಲಿಗೆ ನಿಂತಿತು.
ಕತ್ತಿ ಬಡಿಯುವವನು ದೇವರಲ್ಲ.
ದೂತರೂ ಅಲ್ಲ.
ಆತ ನ್ಯಾಯ ತೀರಿಸುತ್ತಾನೆ;
ಸುತ್ತಿಗೆ ಹಿಡಿಯುವವರು ‘ಅವರು’.
ಕತ್ತಿ ಯಾರದ್ದೋ ಅವರೇ.
ಇಷ್ಟು ವರ್ಷ ಕೇಳಿದ್ದೆ,
ಈ ‘ಅವರು’ ಕಿವಿಗೆ ಬಿದ್ದಿರಲಿಲ್ಲ.

ಸೋಮವಾರ ಮಚ್ಚನ್ನು ಹಳೇ ಟವೆಲಿನಲ್ಲಿ ಸುತ್ತಿ
ದಿಬ್ಬೂರಹಳ್ಳಿ ರಸ್ತೆಯ ವೀರಾಚಾರಿಯ ಕುಲುಮೆಗೆ ಹೋದೆ.
“ಗುಳ ಮಾಡಿಕೊಡಿ” ಅಂದೆ.
ನಕ್ಕ. “ಗುಳ ಯಾರಿಗಮ್ಮ ಬೇಕು? ನೇಗಿಲೆಲ್ಲ ಸೌದೆ ಆಗೋದ್ವು.
ಅಷ್ಟು ಮೈಯೂ ಇಲ್ಲ ಈ ಕಬ್ಬಿಣಕ್ಕೆ.
ಎರಡು ಕುರ್ಚಿಗೆ ಆಗ್ತವೆ, ಕಳೆ ತೆಗೆಯೋಕೆ.
ಲಾರಿ ಪಟ್ಟಾ ಇದು, ಒಳ್ಳೇ ಜಾತಿ. ಆದ್ರೆ
ಮಚ್ಚಾಗಿ ರೂಢಿ ಆಗಿರೋದು, ಸುಮ್ನೆ ಬಗ್ಗಲ್ಲ.
ತಿದಿ ಒತ್ತೋಕೆ ಒಬ್ರು, ಸಮ್ಮಟಿಗೆ ಒಬ್ರು ಬೇಕು.
ನನ್ನ ಹುಡುಗನಿಗೆ ಜ್ವರ.
ನಿಮ್ಮೋರು ಇಬ್ರನ್ನ ಕರ್ಕೊಂಡು ಬಾ.”

ಅಣ್ಣನಿಗೆ ಹೇಳಿದೆ. ತಟ್ಟೆ ಬಿಟ್ಟು ಎದ್ದು ಹೊರಗೆ ಹೋದ.
ತಿಮೊಥಿಗೆ ಹೇಳಿದೆ. ಮಡಚದ ಬೆರಳು ನೋಡಿಕೊಂಡು
“ಸಮ್ಮಟಿಗೆ ಹಿಡಿತ ಸಾಲಲ್ಲ ಅಕ್ಕ” ಅಂದ.
ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ
“ತಿದಿ ಬೇಕಾದ್ರೆ ಒತ್ತಬಲ್ಲೆ.”

ಇವತ್ತು ಬುಧವಾರ.
ಕುಲುಮೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದೇನೆ.
ಹಿಡಿ ಕಳಚಿದ್ದಾಯಿತು, ಚೀಟಿ ಬೆಂಕಿಗೆ ಬಿತ್ತು,
ಕಾಗದ ಕಪ್ಪಾದ ಮೇಲೂ ನಂಬರು ಒಂದು ಚಣ ಹೊಳೆಯಿತು.
ತಿಮೊಥಿಯ ಕೈ ಏಳುತ್ತಿದೆ, ಇಳಿಯುತ್ತಿದೆ.
ಸಮ್ಮಟಿ ಗೋಡೆಗೆ ಒರಗಿದೆ.
ರಸ್ತೆಯ ಕಡೆ ನೋಡುತ್ತಿಲ್ಲ ನಾನು,
ನೋಡಿದರೆ ಬರುವವರು ಬರುವುದಿಲ್ಲವೆಂಬ
ಚಿಕ್ಕಂದಿನ ಭಯ.

“ಕೆಂಪಾಯ್ತಮ್ಮ, ತಣ್ಣಗಾದ್ರೆ ಮತ್ತೆ ಕಾಸ್ಬೇಕು”
ಅನ್ನುತ್ತಾನೆ ವೀರಾಚಾರಿ.
“ಕಾಸಿ,” ಅನ್ನುತ್ತೇನೆ,
“ಇದ್ದಿಲಿನ ದುಡ್ಡು ನಾನು ಕೊಡ್ತೀನಿ.”