ಹದಿನೇಳನೆಯ ಸೊನ್ನೆ

ಗ್ವಾಯ್‌ಮಾಸ್ ಬಂದರಿನ ಬೇಸ್‌ಬಾಲ್ ಮೈದಾನ. ಅಂಕಪಟ್ಟಿಯ
ಬೆನ್ನಿಗಂಟಿದ ತಗಡಿನ ಗೂಡು ನನ್ನದು.
ಮೇಲೆ ಒಂಬತ್ತು ಚೌಕ ಕಿಂಡಿ, ಗೋಧಿ ಬಯಲಿಂದ ಬಂದವರಿಗೆ,
ಕೆಳಗೊಂಬತ್ತು ನಮ್ಮ ಸಿಗಡಿ ದೋಣಿಯವರಿಗೆ.
ಇನಿಂಗ್ಸ್ ಮುಗಿದಂತೆ ಅಂಕಿಯ ಹಲಗೆ ತೂರಿಸಬೇಕು,
ತೂರಿಸಿದರೆ ಕಿಂಡಿ ಕುರುಡು.
ಹಾಗಾಗಿ ಆಟ ಬೆಳೆದಷ್ಟೂ ನನಗೆ ಕಾಣುವುದು ಕಮ್ಮಿ.
ಹನ್ನೊಂದು ವರ್ಷ ಹೀಗೇ, ಬಲಕ್ಕೆ ಬಲಕ್ಕೆ ಸರಿಯುತ್ತ.

ಇವತ್ತು ನಮ್ಮ ಪಿಚರ್ ನಜಾರಿಯೋ ಬ್ವಿತಿಮೆಯಾ, ಎಡಗೈಯವನು.
ಅವನ ಚೆಂಡು ಹೊಸ್ತಿಲ ತನಕ ಬರುವ ನೆಂಟ,
ಇನ್ನೇನು ಒಳಗೆ ಬಂದ ಅನ್ನುವಾಗ
ಪಕ್ಕದ ಮನೆಗೆ ಹೊರಳಿಬಿಡುತ್ತದೆ.

ಅವರ ಕಡೆ ಕಿಯಾಲಾ, ಕ್ಯೂಬಾದವನು, ನಲವತ್ತರ ಅಂಚು.
ತೋಳಿನ ವೇಗ ಎಂದೋ ತೀರಿಹೋಗಿದೆ.
ಅವನು ಎಸೆಯುವುದಿಲ್ಲ, ಸಾಲ ತೀರಿಸುವವನ ಹಾಗೆ
ಎಣಿಸಿ ಎಣಿಸಿ ಕೊಡುತ್ತಾನೆ:
ಇಲ್ಲೊಂದು, ಮೊಣಕಾಲಿಗೆ; ಅಲ್ಲೊಂದು, ಅಂಚಿಗೆ;
ಮತ್ತೊಂದು, ಬ್ಯಾಟರ್ ಬೀಸಿ ಮುಗಿಸಿದ ಮೇಲೆ, ನಿಧಾನಕ್ಕೆ.

ಸೊನ್ನೆ. ಸೊನ್ನೆ. ಸೊನ್ನೆ.
ನಾಲ್ಕರ ಹೊತ್ತಿಗೆ ಬಿಯರ್ ಮಾರುವವನೂ ಗೊಣಗಿದ:
ಇದೇನು ಆಟವೋ, ಅಂಗಡಿ ಮುಚ್ಚಿದ ಬೀದಿಯೋ?
ಆರಕ್ಕೆ ಜನ ಗೊಣಗು ಬಿಟ್ಟರು.
ಏಳಕ್ಕೆ ಯಾರೋ ಕಡಲೆಕಾಯಿ ಸುಲಿಯುವ ಸದ್ದು
ಇಲ್ಲಿಯ ತನಕ ಕೇಳಿಸಿತು.
ಎಂಟಕ್ಕೆ ಅದೂ ನಿಂತಿತು.

ಒಂಬತ್ತರ ಮೊದಲರ್ಧ ಮುಗಿಸಿ ಪೆಟ್ಟಿಗೆಗೆ ಕೈ ಹಾಕಿದರೆ
ಸೊನ್ನೆ ಮುಗಿದಿತ್ತು!
ಇದ್ದದ್ದೇ ಹದಿನಾರು. ಯಾರು ಅಂದುಕೊಂಡಿದ್ದರು?
ಮೂರು, ಐದು, ಏಳು ಮಾತ್ರ ಮಿರಮಿರ ಮಿಂಚುತ್ತ
ಬಿದ್ದುಕೊಂಡಿದ್ದವು, ಕೆಲಸವಿಲ್ಲದ ಅಳಿಯಂದಿರ ಹಾಗೆ.
ಬುತ್ತಿಯ ತಟ್ಟೆ ಕಂಡಿತು. ಬೀನ್ಸ್ ಕಾಳು ಕಾಗದಕ್ಕೆ ಸುರಿದು,
ಲಂಗಕ್ಕೆ ಒರೆಸಿ, ಅದನ್ನೇ ಕಿಂಡಿಗೆ ನಿಲ್ಲಿಸಿದೆ.
ಯಾರಿಗೂ ಗೊತ್ತಾಗಲಿಲ್ಲ.
ಚೌಕಕ್ಕೆ ದುಂಡು; ನಾಲ್ಕು ಮೂಲೆಯಲ್ಲಿ
ನಾಲ್ಕು ಚೂರು ಬೆಳಕು ಉಳಿಯಿತು.

ಆಮೇಲೆ ಆದದ್ದು ಇಷ್ಟು:
ಕಿಯಾಲಾ ಎಸೆದ ನಾಲ್ಕನೇ ಬಾಲ್ ಕೂದಲೆಳೆಯಷ್ಟು ಹೊರಗೆ,
ನಮ್ಮವನೊಬ್ಬ ಬಿಟ್ಟಿಯಾಗಿ ಒಂದನೇ ಬೇಸಿಗೆ ನಡೆದ.
ಇನ್ನೊಬ್ಬ ಬ್ಯಾಟು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಮಲಗಿಸಿ
ತಾನು ಔಟಾಗಿ ಅವನನ್ನು ಎರಡಕ್ಕೆ ದಾಟಿಸಿದ.
ಮೂರನೆಯವನ ಬ್ಯಾಟು ಲಟಕ್ಕನೆ ಮುರಿಯಿತು.
ಕಿಯಾಲಾ ಗೆದ್ದ ಚೆಂಡು ಅದು. ಆದರೂ
ಮೂವರ ನಡುವೆ, ಮೂವರೂ ನೀನು ನೀನು ಅನ್ನುವಷ್ಟರಲ್ಲಿ,
ಹುಲ್ಲಿಗೆ ಬಿತ್ತಂತೆ, ಪುಟಿಯದೆ.
ನಾನು ನೋಡಲಿಲ್ಲ. ಸದ್ದಿಗೆ ಔಟೆಂದುಕೊಂಡು
ಮುಂದಿನ ಸೊನ್ನೆಗೆ ಬಕೆಟ್ಟಿನ ಮುಚ್ಚಳ ಹುಡುಕುತ್ತಿದ್ದೆ,
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ.
ಜನ ಕಾಲು ಬಡಿದರು, ಗೂಡು ಗಡಗಡ ನಡುಗಿತು.

ಒಂದರ ಹಲಗೆ. ಕೊನೆಯ ಕಿಂಡಿ.
ಕತ್ತಲೆ.

ಆಗ ತಟ್ಟೆಯ ಮೂಲೆಗೆ ಕಣ್ಣಿಟ್ಟೆ.
ನಮ್ಮವರು ಎಲ್ಲೋ ಒಬ್ಬರ ಮೇಲೊಬ್ಬರು ಬಿದ್ದಿರಬೇಕು,
ಆ ಚೂರಿಗೆ ಅವರು ಸಿಗಲಿಲ್ಲ.
ಸಿಕ್ಕಿದ್ದು ಕಿಯಾಲಾ ಒಬ್ಬ. ದಿಬ್ಬದ ಮೇಲೆ
ತನ್ನ ಕಾಲೇ ತೋಡಿದ ಗುಂಡಿಗೆ
ಬೂಟಿನಿಂದ ಮಣ್ಣೆಳೆದು ಮುಚ್ಚುತ್ತಿದ್ದ.
ನಾಳೆ ಅಲ್ಲಿ ನಿಲ್ಲುವವನು ಬೇರೆ.
ಸಮ ಮಾಡಿ, ತುಳಿದು, ಇನ್ನೊಮ್ಮೆ ಸಮ ಮಾಡಿ, ಹೋದ.

ದೀಪ ಆರಿಸುವ ತನಕ ಕಾದು ಹಲಗೆಗಳನ್ನು ಇಳಿಸಿದೆ.
ತಣ್ಣಗಿನ ಕಾಳು ಕಾಗದದಲ್ಲೇ ತಿಂದೆ.
ತಟ್ಟೆಯನ್ನು ಪೆಟ್ಟಿಗೆಗೆ ಹಾಕಿದೆ, ಉಳಿದ ಹದಿನಾರರ ಜೊತೆ.
ತಟ್ಟೆ ಎಲ್ಲಿ ಎಂದು ಮನೆಯಲ್ಲಿ ಕೇಳಿದರೆ
ಗೆದ್ದೆವು ಅಂತಷ್ಟೇ ಹೇಳಬೇಕು.