ರುಮಾಲಿನ ರು

ಬೈತಖೋಲ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ
ಲೆಕ್ಕ ಬರೆಯುವವಳು ನಾನು,
ಗಡ್ಡೆ ಒಡೆಯುವವನು ಗಣಬಾ ದುರ್ಗೇಕರ.
ಜೂನು ಜುಲೈ, ಟ್ರಾಲರುಗಳಿಗೆ ರಜೆ.
ನಮಗಿಬ್ಬರಿಗೂ ಒಡೆಯಲು ಉಳಿದದ್ದು
ಬರೀ ಒಗಟು.

ಹಳೆಯ ರಸೀದಿಗಳ ಬೆನ್ನ ಮೇಲೆ ಚೌಕ ಗೀರುತ್ತೇನೆ.
ಕಪ್ಪು ಮನೆಗಳಿಗೆ ಇದ್ದಿಲು ತಿಕ್ಕುವುದು ಅವನ ಖಾತೆ,
ಬೇರೆಯವರು ಮುಟ್ಟುವ ಹಾಗಿಲ್ಲ.

ಮೊದಲು ಸುಲಭದ್ದೇ ಕೊಟ್ಟೆ:
"ಪ್ರಾಣ ಕುಗ್ಗಿದ ಖಾರ, ಹೊಟ್ಟೆಯೊಳಗೆ ರವಾ; ಊರು (೪)."
ದಿನಾ ಬಂಗಡೆಗೆ ಈ ಎರಡನ್ನೂ ಸವರಿ
ಕಾವಲಿಗೆ ಬಿಡುವ ಕೈ ಅದು.
ಗಳಿಗೆ ಹೊತ್ತು ಸುಮ್ಮನಿದ್ದು ಹೊಟ್ಟೆ ಹಿಡಿದು ನಕ್ಕ:
"ನಾವು ಕೂತದ್ದೇ ಅದರಲ್ಲಿ!"

"ಅಳುವೆ; ಕೊಂಬು ಕಿತ್ತು ಗುಡಿಸು ಕೊಟ್ಟರೆ
ನದಿಯ ಬಾಯಿ (೩)."
ಮೂರು ಬೀಡಿ ಸುಟ್ಟವು.
ಕಾಳಿ ಕಡಲಿಗೆ ಬೀಳುವಲ್ಲೇ ಹುಟ್ಟಿ, ಈಜಿ,
ಎರಡು ಸಲ ಮುಳುಗಿ ಎದ್ದವನಿಗೆ
ಅಳಿವೆ ಕಾಗದದ ಮೇಲೆ ಸಿಗಲಿಲ್ಲ.
"ಬರೆದರೆ ಗುರ್ತೇ ಸಿಗೂದಿಲ್ಲ, ಬಾಯೀ."

"ತಿರುಗಿ ನಿಂತ ದಿನ, ಹರಿಯುತ್ತದೆ (೨)."
ಪೆನ್ಸಿಲ್ ಕೆಳಗಿಟ್ಟ.
"ದಿನ ತಿರಗೂದಿಲ್ಲ. ಇದೊಂದು ನೀವು ತಪ್ಪು ಬರ್ದೀರಿ."
ನದಿ ಎಂದು ನಾನೇ ತುಂಬಿದೆ.
ಹಿಂದಿನಿಂದ ಓದಿ ತೋರಿಸಿದೆ, ಬೆರಳಿಟ್ಟು.
ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಕೊನೆಗೆ ಹದಿನೇಳು, ಮೇಲಿಂದ ಕೆಳಕ್ಕೆ:
"ಹೋದವರು ಮರಳಿದರು; ಅಲ್ಲೇ ದೋಣಿ ಕಟ್ಟುವುದು (೩)."
ತನ್ನ ಕೊಂಕಣಿಯಲ್ಲಿ ತಡಕಾಡಿದ.
'ಆಯ್ಲೆ' ಎಂದರೆ ಒಂದು ಮನೆ ಖಾಲಿ.
'ಬಂದರ' ಎಂದರೆ ಕೊನೆಯಲ್ಲಿ ತಕರಾರು,
ಅಡ್ಡಕ್ಕೆ ಬರೆದಿದ್ದ ರುಮಾಲಿನ ರು
ಜಪ್ಪಯ್ಯ ಅಂದರೂ ಜಾಗ ಬಿಡದು.
ಅವನ ಮನೆಮಾತಿನಲ್ಲಿ
ಇವೆರಡು ಬೇರೆ ಬೇರೆ ದಡ,
ನಡುವೆ ಸೇತುವೆ ಇಲ್ಲ.

ಗೇಟಿನಾಚೆ ನೋಡುತ್ತ ಕೂತ.
ತಾಡಪಾಲು ಹೊದ್ದ ಟ್ರಾಲರು, ಅದರ ಮೇಲೊಂದು ಕಾಗೆ,
ಬಲೆ ಹೊಲಿಯುತ್ತ ಯಾರೋ ಕೆಮ್ಮಿದ್ದು.
ಅವನ ಅಣ್ಣನ ದೋಣಿಗಾಗಿ ಅವ್ವ
ಇದೇ ಕಟ್ಟೆಯ ಮೇಲೆ ಮೂರು ರಾತ್ರಿ ಕೂತದ್ದು
ನನಗೆ ಆಗ ಗೊತ್ತಿರಲಿಲ್ಲ.
ಗೊತ್ತಿದ್ದರೆ ಬೇರೆ ಸುಳಿವು ಬರೆಯುತ್ತಿದ್ದೆ,
ಹಡಗು, ಲಂಗರು, ಏನಾದರೂ.

"ಬಂದರು?" ಎಂದ,
ನನ್ನನ್ನು ಕೇಳಿದ ಹಾಗಿರಲಿಲ್ಲ.

ಸರಿ ಎಂದೆ.
ಇದ್ದಿಲ ಕೈ ಒರೆಸಿಕೊಳ್ಳದೆ
ಎರಡಕ್ಷರ ಬರೆದ.
ಮೂರನೆಯದು
ಮೊದಲೇ ಇತ್ತು.